ನಾನು ಇಳಿದ ವಿಮಾನ

ವಿಮಾನ ಕಟ್ಟುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿದ್ದರೂ ನಾನು ಒಮ್ಮೆಯೂ ವಿಮಾನ ಹತ್ತಿರಲಿಲ್ಲ. ಅವಕಾಶ ಎರಡು ಸಲ ಬಂದಿತ್ತು. ಒಂದು ಸಲ ಜ್ವರ ಅಂದೆ, ಇನ್ನೊಂದು ಸಲ ದಾವಣಗೆರೆಯಲ್ಲಿ ನೆಂಟರ ಮದುವೆ ಅಂದೆ. ಎರಡೂ ಸುಳ್ಳು. ರೆಕ್ಕೆಗೆ ರಿವೆಟ್ ಹೊಡೆಯುವಾಗ, ಆ ತಗಡು ಎಷ್ಟು ತೆಳುವೆಂದು ಬೆರಳಿಗೇ ಗೊತ್ತಾಗುವಾಗ, ಇದರೊಳಗೆ ಮನುಷ್ಯರು ಕೂತು ಮೇಲಕ್ಕೆ ಹೋಗುತ್ತಾರಲ್ಲ ಎಂದು ಹೆದರಿಕೆಯಾಗುತ್ತಿತ್ತು. ಇಪ್ಪತ್ತೆರಡು ವರ್ಷದ ಗಂಡಸು ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ನಮ್ಮ ಮನೆ ರಾಜಾಜಿನಗರದಲ್ಲಿತ್ತು. ಆಗಿನ್ನೂ ರಾಜಾಜಿನಗರ ಅರ್ಧ ಬಡಾವಣೆ, ಅರ್ಧ ಹೊಲ. ಸೈಟುಗಳಿಗೆ ಕಲ್ಲು ನೆಟ್ಟಿದ್ದರು, ಕಲ್ಲುಗಳ ನಡುವೆ ರಾಗಿಯ ಕೂಳೆ ಉಳಿದಿತ್ತು. ಅಪ್ಪ ಒಂದು ಕಾರ್ಖಾನೆಯಲ್ಲಿ ಗುಮಾಸ್ತರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಅಳಿಸಿಹೋಗದಂತೆ ಟೋಪಿ ಇಟ್ಟುಕೊಂಡು ಸೈಕಲ್ ಹತ್ತುತ್ತಿದ್ದರು. ನಾನು ಗಿಟಾರ್ ಕಲಿಯುತ್ತಿದ್ದೇನೆಂದು ತಿಳಿದಾಗ ಅವರು ಬೈಯಲಿಲ್ಲ. ‘ಬಾಗಿಲು ಹಾಕ್ಕೊಂಡು ಬಾರಿಸು’ ಅಂದರು, ಅಷ್ಟೆ.

ನನಗೆ ಗಿಟಾರ್ ಹಿಡಿಸಿದವನು ಕಾರ್ಖಾನೆಯ ತಗಡಿನ ವಿಭಾಗದಲ್ಲಿದ್ದ ಗೆಳೆಯ. ಮಾಗಡಿ ರಸ್ತೆಯ ರೈಲ್ವೆ ಕ್ವಾರ್ಟರ್ಸಿನ ಆಂಗ್ಲೋ ಇಂಡಿಯನ್ ಹುಡುಗ. ತಂದೆ ರೈಲು ಎಂಜಿನ್ ಡ್ರೈವರ್. ನಾವಿಬ್ಬರೂ ಒಂದೇ ಕಾರ್ಖಾನೆ ಬಸ್ಸಿನಲ್ಲಿ ಹೋಗುತ್ತಿದ್ದೆವು. ಅವನು ಕಿಟಕಿಗೆ ತಲೆಯಾನಿಸಿ ಮೆಲ್ಲಗೆ ಹಾಡಿಕೊಳ್ಳುತ್ತಿದ್ದರೆ ಮುಂದಿನ ಸೀಟಿನವರು ಮಾತು ನಿಲ್ಲಿಸುತ್ತಿದ್ದರು. ಇಂಗ್ಲಿಷ್ ಗೊತ್ತಿಲ್ಲದವರೂ ನಿಲ್ಲಿಸುತ್ತಿದ್ದರು. ಮೇಲಿನ ಸ್ವರಕ್ಕೆ ಹೋಗುವಾಗ ಅವನ ಗಂಟಲು ಒಂದು ಕ್ಷಣ ಒಡೆದು ಮತ್ತೆ ಕೂಡಿಕೊಳ್ಳುತ್ತಿತ್ತು. ಆ ಒಡಕು ಬೇಕೆಂದು ಮಾಡಿದ್ದಲ್ಲ, ಅದನ್ನು ಕಲಿಸಲೂ ಬರುವುದಿಲ್ಲ. ಅದಾದ ಮೇಲೆ ಎಷ್ಟೋ ಜನರ ಹಾಡು ಕೇಳಿದ್ದೇನೆ. ಅಂಥದ್ದು ಕೇಳಿಲ್ಲ.

ಮೂರನೆಯವನು ಮಲ್ಲತ್ತಹಳ್ಳಿಯ ರೈತರ ಮನೆಯವನು. ಊರಿನ ಭಜನೆಯಲ್ಲಿ ಡೋಲಕ್ ಬಾರಿಸುತ್ತಿದ್ದ. ಅವನ ಸೋದರಮಾವ ರಾಜಾಜಿನಗರದಲ್ಲಿ ಲೇತ್ ಯಂತ್ರದ ಶೆಡ್ಡು ಇಟ್ಟಿದ್ದರು. ಅವನು ಅಲ್ಲೇ ಕೆಲಸ ಮಾಡುತ್ತಿದ್ದ. ಭಾನುವಾರ ಶೆಡ್ಡು ನಮ್ಮದು. ಹಳೆಯ ಡ್ರಮ್ ಸೆಟ್ಟಿನ ಮುಂದೆ ಅವನನ್ನು ಕೂರಿಸಿದ ಮೊದಲ ದಿನವೇ ‘ಇದೇನ್ಲಾ, ಕಾಲಲ್ಲೂ ಬಾರಿಸ್ಬೇಕಾ?’ ಎಂದು ನಕ್ಕವನು, ಸಂಜೆಯ ಹೊತ್ತಿಗೆ ತಗಡಿನ ಚಾವಣಿ ಅದುರುವಂತೆ ಬಾರಿಸುತ್ತಿದ್ದ. ನಾನು ಅಯಸ್ಕಾಂತಕ್ಕೆ ತಂತಿ ಸುತ್ತಿ ನನ್ನ ಗಿಟಾರನ್ನು ಎಲೆಕ್ಟ್ರಿಕ್ ಮಾಡಿದೆ; ಹಳೆ ರೇಡಿಯೋಗಳ ವಾಲ್ವುಗಳಿಂದ ಒಂದು ಆಂಪ್ಲಿಫೈಯರ್ ಮಾಡಿದೆ. ಮರದ ಪೆಟ್ಟಿಗೆ. ಇಬ್ಬರು ಸೇರಿ ಎತ್ತಬೇಕಿತ್ತು.

ಅದು ಐವತ್ತೊಂಬತ್ತನೇ ಇಸವಿ. ಬೇಸಿಗೆಗೆ ಮುಂಚೆ ಒಂದು ಭಾನುವಾರ ಗಾಯಕ ಗೆಳೆಯ ಶೆಡ್ಡಿಗೆ ಬಂದಾಗ ಅವನ ಕೈಯಲ್ಲಿ ಪತ್ರಿಕೆಯ ತುಣುಕಿತ್ತು. ಇಂಗ್ಲೆಂಡಿನಲ್ಲಿದ್ದ ಚಿಕ್ಕಮ್ಮ ಕಳಿಸಿದ್ದು. ಅಮೆರಿಕದಲ್ಲಿ ಮೂವರು ರಾಕ್ ಅಂಡ್ ರೋಲ್ ಹಾಡುಗಾರರು, ಊರಿಂದೂರಿಗೆ ಹೋಗುವ ಬಸ್ಸಿನ ಚಳಿ ತಡೆಯಲಾರದೆ, ಹಿಮ ಬೀಳುವ ನಡುರಾತ್ರಿಯಲ್ಲಿ ಸಣ್ಣ ವಿಮಾನ ಹತ್ತಿ, ಹಾರಿದ ಕೆಲವೇ ನಿಮಿಷಕ್ಕೆ ಹೊಲದಲ್ಲಿ ಬಿದ್ದು ಸತ್ತಿದ್ದರು. ಮೂವರೂ ಎಳೆಯರು. ಒಬ್ಬನಿಗೆ ನಮಗಿಂತಲೂ ಕಡಿಮೆ ವಯಸ್ಸು.

‘ಯಾಕ್ಲಾ ಬಿತ್ತು?’ ಮಲ್ಲತ್ತಹಳ್ಳಿಯವನು ನನ್ನನ್ನು ಕೇಳಿದ. ‘ನೀನು ಇಮಾನದ ಕಾರ್ಖಾನೆಯೋನಲ್ವಾ, ಹೇಳು.’

ನಾನು ಹೇಳಿದೆ. ನಮ್ಮ ಕಾರ್ಖಾನೆಯ ತಪಾಸಣಾ ವಿಭಾಗದ ಹಿರಿಯರೊಬ್ಬರು ಊಟದ ಹೊತ್ತಿನಲ್ಲಿ ಇಂಥವನ್ನೆಲ್ಲ ವಿವರಿಸುತ್ತಿದ್ದರು. ಮೋಡದೊಳಗೆ ಹೊಕ್ಕರೆ ಕಣ್ಣಿಗೆ ಏನೂ ಸಿಗುವುದಿಲ್ಲ. ಎದುರಿನ ಮೀಟರುಗಳ ಮುಳ್ಳುಗಳನ್ನು ನೋಡಿ ಹಾರಿಸಲು ಕಲಿಯದ ಪೈಲಟ್‌ಗೆ ಆಗ ಮೇಲೆ ಯಾವುದು, ಕೆಳಗೆ ಯಾವುದು ತಿಳಿಯುವುದಿಲ್ಲ. ನೆಟ್ಟಗೆ ಹೋಗುತ್ತಿದ್ದೇನೆ ಎಂದೇ ಅವನು ನಂಬಿರುತ್ತಾನೆ, ವಿಮಾನ ಓರೆಯಾಗಿ ನೆಲಕ್ಕೆ ಇಳಿಯುತ್ತಿರುತ್ತದೆ.

‘ಬೆಳಕಾಗೋವರೆಗೆ ಕಾದಿದ್ರೆ ಆಗ್ತಿತ್ತಲ್ಲ, ಮ್ಯಾನ್’ ಅಂದ ಗಾಯಕ. ಆ ದಿನ, ಸತ್ತ ಮೂವರಲ್ಲಿ ಒಬ್ಬನ ಹಾಡನ್ನು ವಾದ್ಯವಿಲ್ಲದೆ ಹಾಡಿದ. ನಾವಿಬ್ಬರೂ ನಮ್ಮ ವಾದ್ಯಗಳನ್ನು ಮುಟ್ಟದೆ ಕೂತಿದ್ದೆವು.

ಮಳೆಗಾಲ ಶುರುವಾಗುವ ಹೊತ್ತಿಗೆ ದಂಡು ಪ್ರದೇಶದ ಹೋಟೆಲೊಂದರಲ್ಲಿ ಶನಿವಾರದ ಸಂಜೆ ನೃತ್ಯಕ್ಕೆ ನುಡಿಸಲು ನಮ್ಮನ್ನು ಕರೆಯಲು ಶುರುಮಾಡಿದ್ದರು. ಅಲ್ಲಿಗೆ ಬರುತ್ತಿದ್ದ ಒಬ್ಬ ಟೀ ಎಸ್ಟೇಟ್ ಮಾಲೀಕರು ಒಂದು ಶನಿವಾರ ಹಾಡು ಮುಗಿದ ಮೇಲೆ ನಮ್ಮ ಹತ್ತಿರ ಬಂದರು. ಐವತ್ತರ ಆಸುಪಾಸಿನ ಭಾರಿ ಆಳು, ಬಾಯಿ ತುಂಬ ನಗು. ನೈಋತ್ಯದ ಬೆಟ್ಟಗಳಲ್ಲಿ ಅವರ ಎಸ್ಟೇಟು. ಬರುವ ಶನಿವಾರ ಅಲ್ಲಿಯ ಕ್ಲಬ್ಬಿನಲ್ಲಿ ದೊಡ್ಡ ಪಾರ್ಟಿ ಇದೆ, ಕಲ್ಕತ್ತದ ರೆಕಾರ್ಡ್ ಕಂಪನಿಯವರೊಬ್ಬರು ಅತಿಥಿಯಾಗಿ ಬರುತ್ತಾರೆ ಅಂದರು. ಗಾಯಕನ ಮುಖ ಆಸೆಗೆ ಕೆಂಪಾಯಿತು.

‘ಶುಕ್ರವಾರ ಮಧ್ಯಾಹ್ನ ನನ್ನ ಏರೋಪ್ಲೇನಲ್ಲೇ ಕರ್ಕೊಂಡ್ ಹೋಗ್ತೀನಿ, ಓಡಿಸೋನೂ ನಾನೇ. ಸಂಜೆ ಕಾಫಿ ನಮ್ಮನೇಲಿ’ ಅಂದರು.

‘ರೈಲಲ್ಲಿ ಬರ್ತೀವಿ ಸಾರ್’ ಅಂದೆ ನಾನು. ಶನಿವಾರ ಬೆಳಗಿನ ರೈಲು ಹಿಡಿದು, ಆಮೇಲೆ ಬಸ್ಸು ಹಿಡಿದರೆ ಸಂಜೆಯ ಹೊತ್ತಿಗೆ ಮುಟ್ಟಬಹುದಿತ್ತು.

‘ರೈಲು ಯಾಕ್ರೀ? ಒಂದೂವರೆ ಗಂಟೆ ದಾರಿ!’

ಗಾಯಕ ನನ್ನ ಕಾಲು ತುಳಿದ. ಆ ವಾರವೆಲ್ಲ ನನಗೆ ಅನ್ನ ಸೇರಲಿಲ್ಲ.

ಶುಕ್ರವಾರ ಕಾರ್ಖಾನೆಯಲ್ಲಿ ಅರ್ಧ ದಿನ ರಜೆ ಪಡೆದು ಊರಾಚೆಯ ಹುಲ್ಲಿನ ವಿಮಾನ ಮೈದಾನಕ್ಕೆ ಹೋದೆವು. ಮಲ್ಲತ್ತಹಳ್ಳಿಯವನು ಡ್ರಮ್ಮುಗಳನ್ನೂ ನನ್ನ ಆಂಪ್ಲಿಫೈಯರ್ ಪೆಟ್ಟಿಗೆಯನ್ನೂ ಜಟಕಾದಲ್ಲಿ ಹೇರಿಕೊಂಡು ಮೊದಲೇ ಬಂದು ಕೂತಿದ್ದ. ಮೈದಾನದ ಅಂಚಿನಲ್ಲಿ ಒಂದೇ ಎಂಜಿನ್ನಿನ ನಾಲ್ಕು ಸೀಟಿನ ವಿಮಾನ ನಿಂತಿತ್ತು. ಮಾಲೀಕರು ಅದರ ಟ್ಯಾಂಕಿಗೆ ಪೆಟ್ರೋಲ್ ತುಂಬಿಸುತ್ತಿದ್ದರು. ನಾನು ಅದನ್ನು ನೋಡಿದ ಕೂಡಲೇ ಲೆಕ್ಕ ಹಾಕತೊಡಗಿದೆ. ಮಾಲೀಕರು ಇಷ್ಟು ಪೌಂಡ್, ನಾವು ಮೂವರು ಇಷ್ಟು, ಪೆಟ್ರೋಲ್ ಇಷ್ಟು, ಡ್ರಮ್ಮು, ಆಂಪ್ಲಿಫೈಯರ್. ಎರಡು ಸಲ ಕೂಡಿಸಿದೆ. ಹೊರಬಹುದಾದ್ದಕ್ಕಿಂತ ನೂರು ಪೌಂಡಿಗೂ ಹೆಚ್ಚಿತ್ತು.

‘ತೂಕ ಜಾಸ್ತಿಯಾಗುತ್ತೆ ಸಾರ್’ ಅಂದೆ.

‘ಏನ್ರೀ ಇಂಜಿನಿಯರ್ ಸಾಹೇಬ್ರೇ, ಹೆದರಿಕೇನಾ?’

‘ಹೆದರಿಕೆ ಅಲ್ಲ ಸಾರ್. ನಾಲ್ಕು ಜನ, ಮೇಲೆ ಇಷ್ಟು ಸಾಮಾನು. ಏಳೋದೇ ಕಷ್ಟ.’

ಅವರ ನಗು ಸ್ವಲ್ಪ ತಗ್ಗಿತು. ವಿಮಾನದ ಸುತ್ತ ಒಂದು ಸುತ್ತು ಹಾಕಿ ಬಂದರು. ‘ಸರಿ, ಹಾಗಿದ್ರೆ ಒಬ್ರು ಇಳೀರಿ. ಆ ಮರದ ಪೆಟ್ಟಿಗೇನೂ ಬೇಡ’ ಅಂದರು.

ನಾವು ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಹಾಡುವವನು ಹೋಗಲೇಬೇಕು. ಡ್ರಮ್ಮಿಲ್ಲದೆ ಜನ ಕುಣಿಯುವುದಿಲ್ಲ. ಗಾಯಕನಿಗೆ ತಾನೇ ಗಿಟಾರ್ ನುಡಿಸಲು ಬರುತ್ತಿತ್ತು.

‘ನಾನಿರ್ತೀನಿ. ನಾಳೆ ಬೆಳಿಗ್ಗೆ ರೈಲಲ್ಲಿ ಪೆಟ್ಟಿಗೆ ತಗೊಂಡು ಬರ್ತೀನಿ’ ಅಂದೆ.

ಗಾಯಕನಿಗೆ ನಿಜವಾಗಿ ಬೇಸರವಾಯಿತು. ‘ಸಾರಿ ಮ್ಯಾನ್’ ಎಂದು ನನ್ನ ಭುಜ ಹಿಡಿದುಕೊಂಡ. ನಾನು ಮುಖ ಸಪ್ಪೆ ಮಾಡಿಕೊಂಡೆ. ಒಳಗೆ ಎದೆಯ ಮೇಲಿನ ಬಂಡೆ ಉರುಳಿಹೋದಂತಾಗಿತ್ತು. ಲೆಕ್ಕ ತಪ್ಪಾಗಿರಲಿಲ್ಲ, ಅದನ್ನು ಯಾರು ಬೇಕಾದರೂ ಕೂಡಿಸಿ ನೋಡಬಹುದು. ಆದರೆ ನಾನು ಆ ಲೆಕ್ಕ ಹಾಕಿದ್ದು ಅವರಿಗಾಗಿ ಅಲ್ಲ. ಹತ್ತದೆ ಇರಲು ಒಂದು ಕಾರಣ ಹುಡುಕುತ್ತಿದ್ದೆ, ಅದು ಸಿಕ್ಕಿತು.

ಆಗ ನೈಋತ್ಯದ ಕಡೆ ನೋಡಿದೆ. ಅವರು ಹೋಗಬೇಕಾದ ದಿಕ್ಕು ಅದೇ. ಬೆಳಿಗ್ಗೆ ಅಲ್ಲಿ ಬೂದು ಬಣ್ಣವಿತ್ತು. ಈಗ ನೆಲದಿಂದ ಮೇಲಕ್ಕೆ ಕಪ್ಪು ಗೋಡೆ ಎದ್ದಂತಿತ್ತು. ಮಾಲೀಕರು ಬರೀ ಕಣ್ಣಂದಾಜಿನಲ್ಲಿ ಹಾರಿಸುವವರು, ಮುಳ್ಳು ನೋಡಿ ಹಾರಿಸಲು ಕಲಿತಿಲ್ಲ ಎಂದು ಹೋಟೆಲಿನಲ್ಲಿ ತಾವೇ ಜಂಬದಿಂದ ಹೇಳಿಕೊಂಡಿದ್ದರು. ಅಲ್ಲಿದ್ದವರಲ್ಲಿ ಇವೆರಡನ್ನೂ ಸೇರಿಸಿ ಯೋಚಿಸಬಲ್ಲವನು ನಾನೊಬ್ಬನೇ.

ಬಾಯಿ ತೆರೆದೆ. ಮಾತು ಹೊರಡಲಿಲ್ಲ. ಆಗಲೇ ಒಂದು ಸಲ ‘ಹೆದರಿಕೇನಾ’ ಎಂದು ಕೇಳಿಸಿಕೊಂಡಿದ್ದೆ. ಈಗ ಮೋಡದ ಮಾತೆತ್ತಿದರೆ, ಇವನು ಇಳಿದದ್ದು ಯಾಕೆಂದು ಮೂವರಿಗೂ ಗೊತ್ತಾಗಿಬಿಡುತ್ತಿತ್ತು.

ವಿಮಾನ ಹುಲ್ಲಿನ ಮೇಲೆ ಓಡಿ, ಸಲೀಸಾಗಿ ಎದ್ದಿತು. ಗಾಯಕ ಮುಂದಿನ ಕಿಟಕಿಯಿಂದ ಕೈ ಬೀಸಿದ. ಮೈದಾನದಲ್ಲಿ ಹುಲ್ಲು ಕುಯ್ಯುತ್ತಿದ್ದ ಹೆಂಗಸೊಬ್ಬಳು ಕುಡುಗೋಲು ಹಿಡಿದು ನನ್ನ ಪಕ್ಕ ಬಂದು ನಿಂತಳು.

‘ಈ ಮೋಡದಾಗೆ ಎತ್ತಲಾಗೆ ಹೊಂಟ್ರು ಸ್ವಾಮಿ?’

ಪೆಟ್ಟಿಗೆಯನ್ನು ಜಟಕಾಕ್ಕೆ ಹೇರಿಸಿಕೊಂಡು ಮನೆಗೆ ಬಂದೆ.

ಐದು ಗಂಟೆಗೆ ರಾಜಾಜಿನಗರದಲ್ಲಿ ಮಳೆ ಹಿಡಿಯಿತು. ನಾನು ಹಜಾರದಲ್ಲಿ ಗೋಡೆಗೊರಗಿ ಕೂತಿದ್ದೆ. ಅವ್ವ ಬಂದು ಹಣೆ ಮುಟ್ಟಿ ನೋಡಿದಳು.

‘ಯಾಕೆ ಹಿಂಗ್ ಕುಂತಿಯಾ? ಏನಾತು?’

‘ಏನಿಲ್ಲವ್ವ. ನಾನು ಹೋಗ್ಲಿಲ್ಲ. ಜಾಗ ಇರಲಿಲ್ಲ.’

‘ಒಳ್ಳೇದೇ ಆತು ಬಿಡು’ ಎಂದು ಅವಳು ಒಳಗೆ ಹೋದಳು.

ಬೆಳಿಗ್ಗೆ ನಾನು ರೈಲಿಗೆ ಹೋಗಲಿಲ್ಲ. ತಲುಪಿದ ಕೂಡಲೇ ಅಲ್ಲಿಯ ಸ್ಟೇಷನ್ ಮಾಸ್ತರರ ಮೂಲಕ ತಂದೆಗೆ ಸುದ್ದಿ ಮುಟ್ಟಿಸುತ್ತೇನೆಂದು ಗಾಯಕ ಹೇಳಿದ್ದ. ಅದು ಬಂತೇ ಎಂದು ಕೇಳಲು ಮಾಗಡಿ ರಸ್ತೆಯ ಕ್ವಾರ್ಟರ್ಸಿಗೆ ಹೋದೆ. ಅವನ ತಂದೆ ಡ್ಯೂಟಿ ಮುಗಿಸಿ ಬಂದು, ಮಸಿ ಮೆತ್ತಿದ ಬಟ್ಟೆಯಲ್ಲೇ ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ಕಂಡ ಕೂಡಲೇ ಅವರ ಮುಖ ಅರಳಿತು. ಮೂವರೂ ವಾಪಸ್ ಬಂದಿದ್ದೇವೆ ಎಂದುಕೊಂಡಿದ್ದರು. ನಾನು ಒಬ್ಬನೇ ಎಂದು ತಿಳಿದ ಮೇಲೆ ಆ ಮುಖ ಹೇಗಾಯಿತು ಎಂಬುದನ್ನು ನಾನು ಬರೆಯಲಾರೆ.

ಸುದ್ದಿ ಬಂದಿರಲಿಲ್ಲ. ಮಧ್ಯಾಹ್ನ ರೈಲ್ವೆ ಕಚೇರಿಯಿಂದ ಒಬ್ಬರು ಸೈಕಲ್ಲಿನಲ್ಲಿ ಬಂದು ಹೇಳಿದರು: ಶುಕ್ರವಾರ ಆ ಎಸ್ಟೇಟಿಗೆ ಯಾವ ವಿಮಾನವೂ ಬಂದಿಲ್ಲ, ಬೆಟ್ಟದ ಕಡೆ ಹುಡುಕುತ್ತಿದ್ದಾರೆ. ಗಾಯಕನ ತಾಯಿ ಅಡುಗೆಮನೆಯಿಂದ ಹೊರಗೆ ಬಂದು, ನನ್ನ ಮುಂದೆ ನಿಂತು, ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಒಂದೇ ಪ್ರಶ್ನೆ ಕೇಳಿದರು. ‘ಎಲ್ಲಾದ್ರೂ ಇಳಿದಿರ್ತಾರೆ ಅಲ್ವಾ? ನೀನು ಹೇಳು, ನಿನಗೆ ಗೊತ್ತಿರುತ್ತೆ.’

‘ಇಳಿದಿರ್ತಾರೆ ಆಂಟಿ’ ಅಂದೆ. ಆ ಮೋಡದ ಗೋಡೆ ಕಣ್ಣ ಮುಂದೆಯೇ ಇತ್ತು.

ಅಲ್ಲಿಂದ ಮಲ್ಲತ್ತಹಳ್ಳಿಗೆ ಸೈಕಲ್ ತುಳಿದೆ. ಆ ದಾರಿ ಅಷ್ಟು ಉದ್ದವೆಂದು ಮೊದಲೆಂದೂ ಅನಿಸಿರಲಿಲ್ಲ. ಆದರೂ ಅದು ಮುಗಿಯುವುದು ಬೇಡ ಎನಿಸುತ್ತಿತ್ತು. ಕೆರೆ ಏರಿಯ ಮೇಲೆ ಎರಡು ಸಲ ಸೈಕಲ್ ನಿಲ್ಲಿಸಿದೆ. ಮನೆಯ ಮುಂದೆ ಗೆಳೆಯನ ತಾಯಿ ಮೊರದಲ್ಲಿ ರಾಗಿ ಕೇರುತ್ತಿದ್ದರು. ವಿಮಾನದಲ್ಲಿ ಹೋಗುವ ಸಂಗತಿಯನ್ನೇ ಅವನು ಅವರಿಗೆ ಹೇಳಿರಲಿಲ್ಲ. ನಾನು ಹೇಳಬೇಕಾಯಿತು. ಹೋಗಿದ್ದಾರೆ ಎಂಬುದನ್ನೂ, ಇನ್ನೂ ಸಿಕ್ಕಿಲ್ಲ ಎಂಬುದನ್ನೂ ಒಟ್ಟಿಗೇ.

ಅವರು ಅಳಲಿಲ್ಲ. ಮೊರ ಕೆಳಗಿಟ್ಟು, ನನ್ನನ್ನೇ ನೋಡಿದರು.

‘ನೀನ್ಯಾಕಪ್ಪ ಇಲ್ಲಿದ್ದೀಯ?’

ಬೈಗುಳವಾಗಿರಲಿಲ್ಲ ಅದು. ನಿಜಕ್ಕೂ ಅರ್ಥವಾಗದೆ ಕೇಳಿದ್ದರು. ತೂಕದ ವಿಷಯ ಹೇಳಿದೆ. ಅವರು ತಲೆಯಾಡಿಸಿದರು. ಆ ತಲೆಯಾಡಿಸುವಿಕೆಯನ್ನು ನೋಡಲಾರದೆ ನಾನು ನೆಲ ನೋಡುತ್ತಾ ನಿಂತೆ.

ಭಾನುವಾರ ಮಧ್ಯಾಹ್ನ ರೈಲ್ವೆ ಕಚೇರಿಗೆ ಮತ್ತೊಂದು ಸುದ್ದಿ ಬಂತು. ವಿಮಾನ ಬೆಟ್ಟದ ಇಳಿಜಾರಿನಲ್ಲಿ ಸಿಕ್ಕಿದೆ. ಮಾಲೀಕರು ಸತ್ತಿದ್ದಾರೆ. ಇಬ್ಬರು ಯುವಕರಲ್ಲಿ ಒಬ್ಬ ಸತ್ತಿದ್ದಾನೆ, ಒಬ್ಬ ಜೀವದಿಂದಿದ್ದಾನೆ, ಪ್ರಜ್ಞೆಯಿಲ್ಲ.

ಯಾರು ಎಂದು ಹೇಳಿರಲಿಲ್ಲ.

ನನ್ನ ಬದುಕಿನ ಅತ್ಯಂತ ಕೆಟ್ಟ ಗಂಟೆಗಳು ಅವು. ಸುದ್ದಿಯನ್ನು ಎರಡು ಮನೆಗೂ ಮುಟ್ಟಿಸಬೇಕಿತ್ತು. ಒಂದು ಮನೆಯ ತಾಯಿ ಮಾತೆಯ ಪಟದ ಮುಂದೆ ಮಂಡಿಯೂರಿದರು. ಇನ್ನೊಂದು ಮನೆಯ ತಾಯಿ ಜಗಲಿಯ ಕಂಬ ಹಿಡಿದು ನಿಂತರು. ಇಬ್ಬರೂ ಅದೇ ಒಂದು ಜೀವವನ್ನು ಬೇಡುತ್ತಿದ್ದರು. ನಾನು ಯಾರಿಗಾಗಿ ಬೇಡಿಕೊಳ್ಳಲಿ? ಒಬ್ಬನ ಹೆಸರು ಮನಸ್ಸಿಗೆ ಬಂದ ಕೂಡಲೇ ಇನ್ನೊಬ್ಬನನ್ನು ಕೊಂದಂತಾಗುತ್ತಿತ್ತು. ಗಾಯಕನ ತಂದೆಯೂ ಮಲ್ಲತ್ತಹಳ್ಳಿಯವನ ಸೋದರಮಾವನೂ ಸಂಜೆಯ ರೈಲಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು ಹೊರಟರು. ಒಬ್ಬರ ಭಾಷೆ ಒಬ್ಬರಿಗೆ ಅರೆಬರೆ. ಸೋದರಮಾವ ತಮ್ಮ ಬುತ್ತಿಯ ಗಂಟನ್ನು ಇಬ್ಬರ ನಡುವೆ ಇಟ್ಟರು.

ಸೋಮವಾರ ಹೊತ್ತೇರುವ ವೇಳೆಗೆ ತಂತಿ ಬಂತು. ಬದುಕಿದ್ದವನು ಮಲ್ಲತ್ತಹಳ್ಳಿಯವನು.

ಗಾಯಕನನ್ನು ಮಣ್ಣು ಮಾಡುವಾಗ ಮಳೆ ಹನಿಯುತ್ತಿತ್ತು. ನಮ್ಮ ಇಡೀ ತಗಡಿನ ವಿಭಾಗ ಬಂದಿತ್ತು. ಅಪ್ಪ ಕೂಡ ಬಂದಿದ್ದರು, ದೂರದಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಅವನ ತಾಯಿ ನನ್ನನ್ನು ತಬ್ಬಿಕೊಂಡು, ‘ನೀನು ಇಳಿದದ್ದು ಒಳ್ಳೇದಾಯ್ತು ಮಗನೇ’ ಅಂದರು. ಆ ಮಾತಿಗಿಂತ ಅವರು ನನ್ನ ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು.

ಮೂರು ವಾರದ ನಂತರ ಮಲ್ಲತ್ತಹಳ್ಳಿಯವನನ್ನು ಬೆಂಗಳೂರಿನ ಆಸ್ಪತ್ರೆಗೆ ತಂದರು. ಬಲಗೈ ಮೂರು ಕಡೆ ಮುರಿದಿತ್ತು. ಕೆನ್ನೆಯ ಮೂಳೆ ಒಳಗೆ ಹೋಗಿತ್ತು. ನಾನು ಮೂರನೆಯ ಸಲ ನೋಡಲು ಹೋದಾಗ ತಾನಾಗಿಯೇ ಹೇಳತೊಡಗಿದ.

‘ಮೊದ್ಲು ಚೆನ್ನಾಗಿತ್ತು ಕಣೋ. ಕೆಳಗೆ ಕೆರೆಗೋಳು ಕಾಣ್ತಿದ್ವು. ಆಮ್ಯಾಕೆ ಮೋಡ ಬಂತು. ಸಾಹೇಬ್ರು ಅದರಡಿಗೆ ನುಗ್ಗಿಸಿದ್ರು. ಒಂದು ಹೊಳೆ ಹಿಡ್ಕೊಂಡು ಹೋಯ್ತಿದ್ರು.’

‘ಅವನೇನಂದ?’

‘ವಾಪಸ್ ಹೋಗಣ ಸಾರ್ ಅಂದ. ನಾಳೆ ಬರಬೋದು ಅಂದ. ಎರಡು ಸಲ ಅಂದ. ಇನ್ನು ಹತ್ತು ನಿಮಿಷ ಅಷ್ಟೇ ಅಂದ್ರು ಅವ್ರು. ಅಷ್ಟ್ರಲ್ಲಿ ಎಲ್ಲಾ ಬೆಳ್ಳಗಾಗೋಯ್ತು. ಏನೂ ಕಾಣ್ದು. ಸಾಹೇಬ್ರು ಬಾಯಲ್ಲಿ ಏನೋ ಅಂತಾನೇ ಇದ್ರು. ಇವನು ಹಿಂದುಕ್ಕೆ ತಿರುಗಿ ನನ್ ಬೆಲ್ಟು ಎಳೆದು ಬಿಗಿ ಮಾಡ್ದ. ಅವನ ಕೈ ತಣ್ಣಗಿತ್ತು. ಅಷ್ಟೇ ನನಗೆ ಗೊತ್ತಿರೋದು.’

ಆಮೇಲೆ, ‘ನಿನ್ ಸೀಟಲ್ಲಿ ಡ್ರಮ್ಮು ಇಟ್ಟಿದ್ವಿ. ಆ ಕಡೆ ಏನೂ ಉಳೀಲಿಲ್ವಂತೆ’ ಅಂದ.

ನಾನು ಆಸ್ಪತ್ರೆಯ ಸ್ಟೂಲನ್ನು ಅವನ ಮಂಚದ ಹತ್ತಿರ ಎಳೆದುಕೊಂಡೆ. ಆಗಿಹೋದದ್ದಕ್ಕೆ ಅಷ್ಟು ಭಯಪಡಬಹುದೆಂದು ನನಗೆ ಗೊತ್ತಿರಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ವಿಮಾನ ಹತ್ತಲು ನನಗೆ ಮೊದಲಿನಿಂದಲೂ ಇದ್ದ ಹೆದರಿಕೆ, ಲೆಕ್ಕ ಹಾಕಿದ್ದು ಯಾಕೆ ಎಂಬುದು, ಮೋಡ ನೋಡಿದ್ದು, ಬಾಯಿ ತೆರೆದದ್ದು, ಮುಚ್ಚಿಕೊಂಡದ್ದು.

ಅವನು ಚಾವಣಿ ನೋಡುತ್ತಾ ಕೇಳಿಸಿಕೊಂಡ.

‘ನೀನು ಹೇಳಿದ್ರೂ ನಾವು ಹೋಗ್ತಿದ್ವಿ ಅನ್ಸುತ್ತೆ’ ಅಂದ ಕೊನೆಗೆ. ‘ಅವನಿಗೆ ಆ ಕಲ್ಕತ್ತದೋರು ಬೇಕಿತ್ತು. ನನಗೆ ಇಮಾನ ಹತ್ಬೇಕಿತ್ತು.’ ಆಮೇಲೆ ನನ್ನ ಕಡೆ ತಿರುಗಿ, ‘ಆದ್ರೂ ನೀನು ಹೇಳ್ಬೇಕಿತ್ತು ಕಣೋ’ ಅಂದ.

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಹೌದು ಅಂದೆ.

ಅವನ ಬಲಗೈ ಮತ್ತೆ ಭುಜದ ಎತ್ತರಕ್ಕೆ ಏಳಲೇ ಇಲ್ಲ. ಲೇತ್ ಶೆಡ್ಡು ಬಿಟ್ಟು ಊರಿಗೆ ಹೋಗಿ ಹೊಲ ನೋಡಿಕೊಂಡ. ಗಾಯಕನ ತಂದೆತಾಯಿ ಎರಡು ವರ್ಷದಲ್ಲಿ ಕ್ವಾರ್ಟರ್ಸ್ ಖಾಲಿ ಮಾಡಿ ಇಂಗ್ಲೆಂಡಿಗೆ ಹೋದರು, ಹಡಗಿನಲ್ಲಿ. ನಾನು ಗಿಟಾರನ್ನು ಮತ್ತೆ ಮುಟ್ಟಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಗೀಗ ನುಡಿಸುತ್ತಿದ್ದೆ. ಯಾರ ಜೊತೆಗೂ ನುಡಿಸಲಿಲ್ಲ.

ಕಾರ್ಖಾನೆಯಲ್ಲಿ ತಪಾಸಣಾ ವಿಭಾಗಕ್ಕೆ ಹಾಕಿಸಿಕೊಂಡೆ. ಅಲ್ಲಿ ನನ್ನ ಸಹಿಯಿಲ್ಲದೆ ಕೆಲವು ವಿಮಾನಗಳು ಮೇಲೇಳುವಂತಿರಲಿಲ್ಲ. ಅನುಮಾನ ಬಂದಾಗೆಲ್ಲ ಜೋರಾಗಿ ಹೇಳುತ್ತಿದ್ದೆ, ಅಗತ್ಯಕ್ಕಿಂತ ಹೆಚ್ಚೇ ಹೇಳುತ್ತಿದ್ದೆ. ಮೇಲಿನವರು ಬೇಸತ್ತಿದ್ದರು. ಒಂದು ವಿಮಾನಕ್ಕೆ ಸಹಿ ಹಾಕಲು ನಾನು ಒಪ್ಪದ ದಿನ ‘ಇವನೊಬ್ಬ ಹೆದರುಪುಕ್ಕಲ’ ಎಂದು ಒಬ್ಬರು ಎಲ್ಲರೆದುರು ಅಂದರು. ‘ಹೌದು ಸಾರ್, ನನಗೆ ಭಯ’ ಅಂದೆ. ಎಲ್ಲರೂ ನಕ್ಕರು. ಅಂದು ಆ ವಿಮಾನ ಹ್ಯಾಂಗರಿನಲ್ಲೇ ಉಳಿಯಿತು. ಅದು ಹಾರಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ.